ಹತ್ತು ಎಣಿಸುವ ತನಕ

ಅಕ್ಕಾ,

ನನ್ನ ಕೆಲಸ ಖಾಯಂ ಆಯಿತು.

ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿಬಿಡುತ್ತೇನೆಂದು ಪರಿವೀಕ್ಷಕರು ಕಳೆದ ಸಲ ಬರೆದಿದ್ದರಲ್ಲ. ಈ ಸಲ ತರಬೇತಿಯಲ್ಲಿ ಕಲಿಸಿದಂತೆ, ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸತೊಡಗಿದೆ. ಚೌಕದ ಬದಿ ಎರಡರಷ್ಟಾದರೆ ವಿಸ್ತೀರ್ಣ ಎಷ್ಟರಷ್ಟಾಗುತ್ತದೆ? ತರಗತಿ ಗಪ್‌ಚಿಪ್. ಏಳಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿದ್ದ ಪರಿವೀಕ್ಷಕರೇ ತಡೆಯಲಾರದೆ "ಎರಡರಷ್ಟು" ಎಂದುಬಿಟ್ಟರು.

ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಅವರತ್ತ ತಿರುಗಿದಳು. "ಅವಸರ ಮಾಡ್ಬೇಡಿ ಸರ್, ಟೀಚರ್ ತುಟಿ ಇನ್ನೂ ಅಲ್ಲಾಡ್ತಿದೆ. ನಾಲ್ಕರಷ್ಟು."

ನನ್ನ ಖಾಯಮಾತಿಯ ವರದಿಗೆ ಸಹಿ ಹಾಕುವಾಗ ಅವರು, "ಆ ತರಬೇತಿಗೆ ನನ್ನನ್ನೂ ಕಳಿಸ್ಬೇಕು ಕಣಮ್ಮಾ," ಎಂದರು.

ನಿನ್ನ ಮಂಚದಡಿ ಇರುವ ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಇನ್ನು ಕಳಿಸಬಹುದು. ಕಪಾಟಿಗೆಂದು ಗೋಡೆ ಅಳೆದಿದ್ದೇನೆ.

ನಿನ್ನ ತಂಗಿ