ಮೂರು ಸಲ ಎಣಿಸಿದ ಬೆಡ್‌ಶೀಟು

ಮಂಗಳವಾರ, ಮಧ್ಯಾಹ್ನ ಊಟದ ಬಿಡುವು
ಆಸ್ಪತ್ರೆಯ ಬಟ್ಟೆ ರೂಮು, ಇಸ್ತ್ರಿ ಮೇಜು

ನನ್ನ ಪ್ರೀತಿಯ ಸಿಸ್ಟರ್‌ಗೆ,

ಕಟ್ಕೊಂಡ ಹೆಂಡ್ತೀನ ಸಿಸ್ಟರ್ ಅಂತ ಕರೆಯೋ ಗತಿ ಈ ಆಸ್ಪತ್ರೇಲಿ ನನ್ನೊಬ್ಬನಿಗೇ ಬಂದಿರೋದು. ಏನ್ ಮಾಡಲಿ, ಆಸ್ಪತ್ರೆ ಒಳಗೆ ಕೂತು ಬರೀತಾ ಇದೀನಿ, ಇಲ್ಲಿ ನೀನು ಎಲ್ಲರಿಗೂ ಸಿಸ್ಟರ್. ಮನೆಗೆ ಬಾ, ಬೇರೆ ಥರ ಕರೀತೀನಿ.

ಮೊದಲು ಇದನ್ನ ಕೇಳು. ಶುಕ್ರವಾರ ಕಮಿಟಿ ಮುಂದೆ ಓದಬೇಕಾದ ನಿನ್ನ ವರದೀನ ಇನ್ನೂ ಯಾರ ಕೈಗೂ ಕೊಡಬೇಡ. ಕೊಟ್ಟಿದ್ರೆ ಹೋಗಿ ವಾಪಸ್ ಇಸ್ಕೋ. ನಿನ್ನ ಲೆಕ್ಕ ಐದಕ್ಕೆ ಮೂರು ಅಲ್ಲ ಕಣೇ! ಬರೆಯೋಕೂ ಆಗ್ತಾ ಇಲ್ಲ ನನಗೆ, ಕುಣಿಯೋ ಹಾಗಾಗಿದೆ. ಇಸ್ತ್ರಿ ಮಾಡೋ ಹುಡುಗಿ ಎರಡು ಸಲ ಬಂದು, ಯಾಕಣ್ಣಾ ಒಬ್ಬನೇ ನಗ್ತಾ ಇದೀಯ, ಅಕ್ಕ ವಾಪಸ್ ಬಂದ್ರಾ ಅಂತ ಕೇಳಿದಳು.

ನಾಳೆ ಬೆಳಿಗ್ಗೆ ಆಂಬುಲೆನ್ಸ್ ಡ್ರೈವರ್ ನೀನು ಕಮಿಟಿಗೆ ಅಂತ ಹೋಗಿರೋ ಊರಿಗೇ ಒಬ್ಬ ಪೇಷಂಟ್ ಬಿಡೋಕೆ ಬರ್ತಾನೆ. ಅವನ ಕೈಲಿ ಈ ಕಾಗದ, ಜೊತೆಗೆ ದಿಂಬಿನ ಕವರಲ್ಲಿ ಹಾಕಿ ನಿನ್ನ ಐದು ಪೇಪರ್ ಕಳಿಸ್ತಾ ಇದೀನಿ. ಫೋನಲ್ಲೇ ಹೇಳ್ತಿದ್ದೆ. ಆದ್ರೆ ಭಾನುವಾರದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತದೇ ಇರೋದು ಸರಿಯಾಗೇ ಇದೆ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ನಾನು ಐದನೇ ಕ್ಲಾಸು. ಅದರಲ್ಲೂ ಆ ಐದನೇ ಕ್ಲಾಸು ನನ್ನನ್ನ ಪೂರ್ತಿ ಮುಗಿಸಲಿಲ್ಲ. ಅದಕ್ಕೆ ನನಗೆ ತಿಳಿದಿದ್ದು ಸರೀನಾ ಅಂತ ನೋಡು. ಡಯಾಲಿಸಿಸ್ ಮೆಷಿನ್ ನೋಡ್ಕೊಳ್ಳೋ ನರ್ಸುಗಳು ಅದಕ್ಕೇ ಅಂತ ಇರೋ ದೊಡ್ಡ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ತಗೊಂಡಿರಲೇಬೇಕಾ, ಇಲ್ಲದವರನ್ನ ಬೇರೆ ವಾರ್ಡಿಗೆ ಹಾಕಬೇಕಾ ಅಂತ ಕಮಿಟಿಯವರು ಕೇಳ್ತಾ ಇದಾರೆ. ಸರ್ಟಿಫಿಕೇಟ್ ಇರೋ ನರ್ಸು ನಿಜವಾಗ್ಲೂ ಚೆನ್ನಾಗಿ ನೋಡ್ಕೊಳ್ತಾಳಾ, ವರ್ಷ ಕಳೆದ್ರೂ ಅವಳ ಕೆಲಸ ಹದವಾಗೇ ಇರತ್ತಾ ಅಂತ ಬೇರೆ ಬೇರೆ ದೇಶದೋರು ಪರೀಕ್ಷೆ ಮಾಡಿ ಬರೆದಿದಾರಲ್ಲ, ಅವನ್ನೆಲ್ಲ ಓದಿ ಒಂದು ಕಡೆ ಇಡೋ ಕೆಲಸಾನ ಮೇಟ್ರನ್ ನಿನ್ನ ತಲೆಗೆ ಕಟ್ಟಿದರು. ಸರ್ಟಿಫಿಕೇಟ್ ಇಲ್ಲದೋಳೇ ಓದಿದ್ರೆ ಯಾರೂ ಬೆರಳು ತೋರಿಸಲ್ಲ ಅಂತ ಅಂದ್ರಂತೆ. ಒಳ್ಳೇ ನ್ಯಾಯ.

ಮೂರು ತಿಂಗಳು ನೀನು ಡ್ಯೂಟಿ ಮುಗಿಸಿ ಬಂದು ಓದಿದೆ. ಹದಿನಾಲ್ಕು ಪೇಪರ್. ನರ್ಸುಗಳನ್ನ ಕೂರಿಸಿಕೊಂಡು ನಿಮಗೆ ಧೈರ್ಯ ಹೆಚ್ಚಾಯ್ತಾ ಅಂತ ಬರೀ ಕೇಳಿದ್ದು ಆರು, ಅದಕ್ಕೆ ಹಳದಿ ಕ್ಲಿಪ್. ರೋಗಿಗಳಿಗೆ ಎಷ್ಟು ಜನಕ್ಕೆ ಸೋಂಕಾಯ್ತು ಅಂತ ನಿಜವಾಗಿ ಎಣಿಸಿದ್ದು ಎಂಟು. ಅದರಲ್ಲಿ ಸರ್ಟಿಫಿಕೇಟಿಂದ ಸೋಂಕು ಕಮ್ಮಿ ಆಯ್ತು ಅಂದಿದ್ದು ಐದು, ನೀಲಿ ಕ್ಲಿಪ್. ಏನೂ ವ್ಯತ್ಯಾಸ ಇಲ್ಲ ಅಂದಿದ್ದು ಮೂರು, ಕೆಂಪು ಕ್ಲಿಪ್. ಐದಕ್ಕೆ ಮೂರು. ನಿನಗೇ ವಿರುದ್ಧ ಬಂತು, ನಿನ್ನ ಕೈಯಲ್ಲೇ ಬರೆದೆ. ಅವತ್ತು ನೀನು ಒಂದೇ ಪಾತ್ರೇನ ಕಾಲು ಗಂಟೆ ತಿಕ್ಕಿದ್ದು ನೋಡಿದೀನಿ. ಇಪ್ಪತ್ತೊಂದು ವರ್ಷ ವರಾಂಡದಲ್ಲಿ ನಿಂತೇ ಮೆಷಿನ್ ಸದ್ದು ಕೇಳಿ ಎಲ್ಲಿ ಏನಾಗಿದೆ ಅಂತ ಹೇಳಿದೋಳು ನಾನು, ಈಗ ಮಕ್ಕಳ ವಾರ್ಡಲ್ಲಿ ಥರ್ಮಾಮೀಟರ್ ಹಿಡ್ಕೊಂಡು ನಿಲ್ಲಬೇಕಾ ಅಂದೆ. ನಾನು ಜೋಕ್ ಮಾಡೋಕೆ ಬಾಯಿ ತೆಗೆದೆ. ನೀನು ನೋಡಿದ ನೋಟಕ್ಕೆ ಮುಚ್ಕೊಂಡೆ.

ಈಗ ನನ್ನ ಅಪರಾಧ ಒಪ್ಪಿಕೊಳ್ತೀನಿ. ಬೈಯೋದಾದ್ರೆ ಕಾಗದಕ್ಕೆ ಬೈಯಿ.

ಮಂಚದ ಮೇಲೆ ಹರಡಿರೋದನ್ನ ಮುಟ್ಟಬೇಡಿ ಅಂತ ಹೇಳಿ ಹೋಗಿದ್ದೆ ತಾನೇ? ಮುಟ್ಟಲಿಲ್ಲ. ಭಾನುವಾರ ಪೂರ್ತಿ ಚಾಪೆ ಮೇಲೇ ಬಿದ್ಕೊಂಡಿದ್ದೆ. ಆದ್ರೆ ಸೋಮವಾರ ಬೆಳಿಗ್ಗೆ ಮೂರು ದಿನದ ಹಳೇ ಬೆಡ್‌ಶೀಟು ಕಣ್ಣಿಗೆ ಬಿತ್ತು. ನನ್ನ ಕೈ ಗೊತ್ತಲ್ಲ. ವಾರ್ಡಲ್ಲಿ ಕೊಳೆ ಬಟ್ಟೆ ಹೊರೋವಾಗ ಏನೂ ಕೆಳಗೆ ಬೀಳಬಾರದು ಅಂತ ಬೆಡ್‌ಶೀಟಿನ ನಾಲ್ಕೂ ಮೂಲೆ ಸೇರಿಸಿ ಗಂಟು ಹಾಕೋದು ಅಭ್ಯಾಸ. ತಲೆ ಇನ್ನೂ ನಿದ್ದೇಲಿತ್ತು, ಕೈ ಡ್ಯೂಟಿಗೆ ಹೋಗಿಬಿಟ್ಟಿತ್ತು. ನಾಲ್ಕೂ ಮೂಲೆ ಎತ್ತಿದೆ, ಗಂಟು ಬಿಗಿದೆ, ಹೆಗಲಿಗೆ ಹಾಕ್ಕೊಂಡು ಬಚ್ಚಲಿಗೆ ನಡೆದೆ. ನೆನೆಸೋಕೆ ಬಕೆಟ್ಟಿಗೆ ಇಳಿಸೋ ಹೊತ್ತಿಗೆ ಗಂಟಿನ ಒಳಗಿಂದ ಚರಚರ ಅಂತ ಸದ್ದು. ಬಟ್ಟೆ ಯಾವತ್ತಾದ್ರೂ ಹಾಗೆ ಸದ್ದು ಮಾಡತ್ತಾ? ಗಂಟನ್ನ ವಾಪಸ್ ಮಂಚಕ್ಕೆ ತಂದು ಬಿಚ್ಚಿದೆ.

ಒಂದು ಹನೀನೂ ತಾಗಿಲ್ಲ, ನಿನ್ನಾಣೆ. ಆದ್ರೆ ಕ್ಲಿಪ್ಪೆಲ್ಲ ಬೇರೆ, ಪೇಪರೆಲ್ಲ ಬೇರೆ. ಹದಿನಾಲ್ಕೂ ಬೆರೆತು ಹೋಗಿವೆ. ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು ಇದ್ದ ಹಾಗೆ, ಯಾವುದಕ್ಕೆ ಯಾವ ಬಣ್ಣ ಅಂತ ಹೇಗೆ ಹೇಳಲಿ? ಆಗ ಗೋಡೆಗೆ ಅಂಟಿಸಿದ ನಿನ್ನ ಪಟ್ಟಿ ನೆನಪಾಯ್ತು. ಒಂದೊಂದು ಪೇಪರಿಗೂ ಒಂದೊಂದು ಸಂಖ್ಯೆ, ಪಕ್ಕದಲ್ಲಿ ಬಣ್ಣ. ನೀಲಿಗೆ ಎದುರಾಗಿ ಒಂದು ಕಡೆ 34 ವಾರ್ಡು ಅಂತಿತ್ತು, ಇನ್ನೊಂದು ಕಡೆ 1,147 ನರ್ಸು, ಮತ್ತೊಂದು ಕಡೆ 9,206 ರೋಗಿ. ಅಂಕಿ ಅಂದ್ರೆ ನನ್ನ ಅನ್ನ. ಹತ್ತೊಂಬತ್ತು ವರ್ಷದಿಂದ ಬೆಡ್‌ಶೀಟಿನ ಮೂಲೇಲಿರೋ ನಂಬರ್ ಓದೇ ಹೊಟ್ಟೆ ಹೊರೆದಿರೋದು. ಸರಿ, ಹುಡುಕೋಕೆ ಕೂತೆ.

34 ಹುಡುಕಿದೆ, ಸಿಕ್ತು. ನೀಲಿ ಕ್ಲಿಪ್ ಹಾಕಿದೆ. ಆಮೇಲೆ 1,147 ಇರೋ ಪೇಪರ್ ತಗೊಂಡು ನೋಡ್ತೀನಿ, ಅದರ ಹೊಟ್ಟೆ ಒಳಗೂ 34! ಮೂರನೇದು ಬಿಡಿಸಿದೆ. ಅಲ್ಲೂ 34, ಅಲ್ಲೂ 1,147, ಅಲ್ಲೂ 9,206. ಸೋಂಕಾದವರ ಸಂಖ್ಯೇನೂ ಅದೇ, ಕೊನೆ ಅಂಕಿವರೆಗೂ. ತಲೆಬರಹ ಬೇರೆ, ಇಸವಿ ಬೇರೆ. ಅಕ್ಷರದ ಆಕಾರ ಹೋಲಿಸಿ ನೋಡಿದ್ರೆ, ಬರೆದ ಏಳು ಜನರ ಹೆಸರೂ ಅವೇ, ಸೀಟು ಮಾತ್ರ ಬದಲಾಯಿಸಿಕೊಂಡು ಕೂತಿವೆ, ಒಂದರಲ್ಲಿ ಮೊದಲಿದ್ದೋನು ಇನ್ನೊಂದರಲ್ಲಿ ಕೊನೇಲಿ. ನಿನ್ನ ಪಟ್ಟಿ ಪ್ರಕಾರ ಒಂದರಲ್ಲಿ ವಾರ್ಡಿನ ವಿಷಯ ಹೇಳಿದಾರೆ, ಒಂದರಲ್ಲಿ ನರ್ಸಿನ ವಿಷಯ, ಒಂದರಲ್ಲಿ ರೋಗಿ ವಿಷಯ. ನೀನು ಮಾತು ಓದಿದೆ, ಅದೂ ಈ ಮೂರನ್ನ ತಿಂಗಳಿಗೊಂದರ ಹಾಗೆ, ನಿದ್ದೆಗಣ್ಣಲ್ಲಿ. ಮಾತು ಮೂರು ಥರ ಇತ್ತು. ನನಗೆ ಮಾತು ಓದೋಕೆ ಬರಲ್ಲ, ಬರೀ ಅಂಕಿ ಕಾಣತ್ತೆ. ಅಂಕಿ ಒಂದೇ.

ಇದು ನನಗ್ಯಾಕೆ ಥಟ್ ಅಂತ ಹೊಳೀತು ಗೊತ್ತಾ? ಎರಡು ವರ್ಷದ ಹಿಂದೆ ಸ್ಟಾಕ್ ನೋಡೋಕೆ ಇನ್ಸ್‌ಪೆಕ್ಷನ್ನಿನವರು ಬಂದಿದ್ದರಲ್ಲ. ಹೆಂಗಸರ ವಾರ್ಡಲ್ಲಿ ಇಪ್ಪತ್ತು ಹೊಸ ಬೆಡ್‌ಶೀಟು ಎಣಿಸಿದರು, ಟೀ ಕುಡಿದ್ರು, ಗಂಡಸರ ವಾರ್ಡಿಗೆ ಹೋದ್ರು, ಅಲ್ಲೂ ಇಪ್ಪತ್ತು, ಮೂಳೆ ವಾರ್ಡಲ್ಲೂ ಇಪ್ಪತ್ತು. ಭೇಷ್ ಅಂದು ಅರವತ್ತು ಅಂತ ಬರ್ಕೊಂಡು ಹೋದ್ರು. ಇದ್ದಿದ್ದು ಇಪ್ಪತ್ತೇ. ಹಿಂದಿನ ಮೆಟ್ಟಿಲಲ್ಲಿ ಅವನ್ನ ಹೊತ್ಕೊಂಡು ಅವರಿಗಿಂತ ಮುಂಚೆ ಓಡಿದ ಮಹಾನುಭಾವ ನಾನೇ. ಅವತ್ತು ಬಿದ್ದು ಸೊಂಟ ನೋವು ಅಂತ ನಿನ್ನ ಕೈಲಿ ಎಣ್ಣೆ ಹಚ್ಚಿಸಿಕೊಂಡಿದ್ದೆನಲ್ಲ, ಬಿದ್ದಿದ್ದಲ್ಲ ಅದು, ಓಡಿದ್ದು. ಮೂರು ವಾರ್ಡಲ್ಲಿ ಒಂದೇ ಬೆಡ್‌ಶೀಟು ಹಾಸಿದೋನಿಗೆ ಮೂರು ಪೇಪರಲ್ಲಿ ಒಂದೇ ಲೆಕ್ಕ ಹಾಸಿರೋದು ಕಾಣದೇ ಇರತ್ತಾ?

ಆದ್ರೂ ನನ್ನ ಮಾತು ನನಗೇ ನಂಬಿಕೆ ಬರಲಿಲ್ಲ. ರೆಕಾರ್ಡ್ ರೂಮಿನ ಕನ್ನಡಕದ ಗುಮಾಸ್ತರ ಹತ್ರ ಓಡಿದೆ. ಅವರು ಮೂರನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರು, ಕನ್ನಡಕ ಒರೆಸ್ಕೊಂಡ್ರು, ಮತ್ತೆ ನೋಡಿದ್ರು. ಮೂರನೇದರ ಕೊನೇಲಿ ಇರುವೆ ಮರಿಯಷ್ಟು ಸಣ್ಣ ಅಕ್ಷರದಲ್ಲಿ, ಈ ಮಾಹಿತಿ ನಾವು ಮುಂಚೆ ಮಾಡಿದ ಅಧ್ಯಯನದ್ದೇ ಅಂತ ಬರೆದಿದೆಯಂತೆ. ಏನಯ್ಯಾ, ನೀನು ಬಟ್ಟೆ ರೂಮಲ್ಲಿ ಏನ್ ಮಾಡ್ತಾ ಇದೀಯ ಅಂದ್ರು. ಇಸ್ತ್ರಿ ಸಾರ್ ಅಂದೆ. ಸಣ್ಣ ಅಕ್ಷರದ ಕೆಳಗೆ ಪೆನ್ಸಿಲ್ ಗೀಟು ಅವರದೇ, ನೋಡ್ಕೋ.

ಅಂದ್ರೆ ನಿನ್ನ ಐದರಲ್ಲಿ ಮೂರು ಸೇರಿ ಒಂದು. ನೀಲಿ ಇನ್ನು ಮೂರೇ. ಕೆಂಪು ಮೂರು. ಮೂರಕ್ಕೆ ಮೂರು! ತಕ್ಕಡಿ ನೆಟ್ಟಗೆ ನಿಂತಿದೆ! ಇದನ್ನ ನೋಡಿ ಯಾರನ್ನಾದ್ರೂ ಮೆಷಿನ್ ಪಕ್ಕದಿಂದ ಎಬ್ಬಿಸೋಕೆ ಆಗತ್ತಾ?

ಇನ್ನು ಆ ಫೋನಿನ ವಿಷಯ. ಶನಿವಾರ ಕ್ಯಾಂಟೀನಲ್ಲಿ ಎಲ್ಲರ ಮುಂದೆ, ನಮ್ಮ ಸಿಸ್ಟರ್‌ಗೆ ಎಷ್ಟು ದೊಡ್ಡ ಸೂಜಿ ತೋರಿಸಿದ್ರೂ ಭಯ ಇಲ್ಲ, ಪರೀಕ್ಷೆ ಹಾಲ್ ಟಿಕೆಟ್ ತೋರಿಸಿದ್ರೆ ಜ್ವರ ಬರತ್ತೆ ಅಂದೆ. ಎಲ್ಲರೂ ನಕ್ಕರು. ನೀನು ಟೀ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋದೆ. ಎರಡು ಸಲ ಫಾರಂ ತುಂಬಿ ಎರಡು ಸಲ ಹರಿದಿದ್ದು ನನಗೊಬ್ಬನಿಗೇ ಗೊತ್ತಿದ್ದ ಗುಟ್ಟು. ಅದನ್ನ ತಗೊಂಡು ಹೋಗಿ ನಗೋಕೆ ಬಡಿಸಿದೆ. ತಪ್ಪಾಯ್ತು ಕಣೇ. ಇದು ಜೋಕಲ್ಲ.

ಡಯಾಲಿಸಿಸ್‌ಗೆ ಬರೋ ಪೋಸ್ಟ್‌ಮನ್ ತಾತ ಇವತ್ತು ಬೇರೆ ಯಾರ ಕೈಲೂ ಸೂಜಿ ಹಾಕಿಸ್ಕೊಳ್ಳಲ್ಲ ಅಂತ ಹಟ ಹಿಡಿದಿದ್ದ. ನಿಮ್ಮ ಸಿಸ್ಟರ್ ಯಾವಾಗ ಬರ್ತಾಳೆ ಅಂದ. ಶನಿವಾರ, ಗೆದ್ಕೊಂಡು ಬರ್ತಾಳೆ ಅಂದೆ.

ಊಟದ ಬಿಡುವು ಮುಗೀತು. ಊಟ ಮಾತ್ರ ಡಬ್ಬೀಲೇ ಇದೆ.

ನಿನ್ನ ಮಂಚ ಮುಟ್ಟಿದ,
ಬಟ್ಟೆ ರೂಮಿನವನು

ತಾ.ಕ.: ಐದು ಪೇಪರ್ ಕಳಿಸ್ತೀನಿ ಅಂದು ಮೂರರ ಕಥೆ ಮಾತ್ರ ಹೇಳಿದೆ. ನೀನು ಎಣಿಸೇ ಎಣಿಸ್ತೀಯ, ಅದಕ್ಕೆ ನಾನೇ ಹೇಳಿಬಿಡ್ತೀನಿ. ಗುಮಾಸ್ತರ ಹತ್ರದಿಂದ ಬಂದ್ಮೇಲೆ ಖುಷಿಗೆ ಕೆಂಪು ಪೇಪರ್‌ಗಳನ್ನೂ ನೋಡಿದೆ. ಅದರಲ್ಲೂ ಎರಡರ ಹೊಟ್ಟೇಲಿ ಒಂದೇ ಲೆಕ್ಕ, 11 ಆಸ್ಪತ್ರೆ, 206 ನರ್ಸು. ಗುಮಾಸ್ತರಿಗೆ ತೋರಿಸಲಿಲ್ಲ. ಅದರಲ್ಲಿ ಒಂದನ್ನ ಹರಿದ ಬಟ್ಟೆ ಗೂಡಿನ ಕೆಳಗೆ ತುರುಕಿದೆ. ಅರ್ಧ ಗಂಟೆ ಅಲ್ಲೇ ಇತ್ತು. ನೀನು ಒಂದು ಸಲ ಮೆಷಿನ್ ಟೈಮ್ ಕಾಲು ಗಂಟೆ ತಪ್ಪಿಟ್ಟು, ಯಾರೂ ನೋಡದೇ ಇದ್ರೂ ನೀನೇ ರಿಜಿಸ್ಟರಲ್ಲಿ ಬರೆದು, ಮೆಮೋ ತಗೊಂಡು ಮನೆಗೆ ಬಂದು ಹಾಯಾಗಿ ಮಲಗಿದ್ದೆಯಲ್ಲ, ಅದು ನೆನಪಾಯ್ತು. ತೆಗೆದು ಕವರಿಗೆ ಹಾಕಿದೀನಿ. ಆದ್ದರಿಂದ ಮೂರಕ್ಕೆ ಎರಡು. ಸರ್ಟಿಫಿಕೇಟ್ ಒಂದು ಹೆಜ್ಜೆ ಮುಂದಿದೆ. ಒಂದೇ ಹೆಜ್ಜೆಗೆ ಯಾರನ್ನೂ ಹೊರಗೆ ಹಾಕಬಾರದು, ಟೈಮ್ ಕೊಡಬೇಕು ಅಂತ ಹೇಗೆ ಹೇಳಬೇಕೋ ಅದು ನಿನಗೆ ಗೊತ್ತು. ಕವರಿನ ತಳದಲ್ಲಿ ಇನ್ನೊಂದು ಕಾಗದ ಇದೆ, ಹರೀಬೇಡ. ಪರೀಕ್ಷೆ ಫಾರಂ. ಗುಮಾಸ್ತರ ಕೈಲಿ ನಿನ್ನ ಹೆಸರು, ಹುಟ್ಟಿದ ದಿನ ಬರೆಸಿದೀನಿ, ಸಹಿ ಜಾಗ ಖಾಲಿ ಬಿಟ್ಟಿದೀನಿ. ಓದೋವಾಗ ಪ್ರಶ್ನೆ ಕೇಳೋಕೆ ನಾನಿದೀನಿ. ಇಂಗ್ಲಿಷ್ ಬರಲ್ಲ ನಿಜ, ಆದ್ರೆ ಉತ್ತರದ ನಂಬರ್ ತಪ್ಪಿದ್ರೆ ಹಿಡೀದೇ ಬಿಡಲ್ಲ.