ಕತ್ತರಿ ಹಿಡಿದ ಕೈ

ಮನೆಯಿಂದ
ಭಾನುವಾರ, ಜನವರಿ ೧೮

ಪ್ರೀತಿಯ ಅಮ್ಮಾ,

ನಿನ್ನ ಕಣ್ಣು ಈಗ ಹೇಗಿದೆ? ಡಾಕ್ಟರು ಕೊಟ್ಟ ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಉರಿಯುತ್ತದೆಂದು ಅಣ್ಣನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೀಯೋ? ಅತ್ತಿಗೆ ಇದನ್ನು ಓದಿ ಹೇಳುವಾಗ ನಗುತ್ತಾರೆ, ಗೊತ್ತು. ನಗಲಿ ಬಿಡು. ಇಲ್ಲಿ ನಾವು ಆರೋಗ್ಯವಾಗಿದ್ದೇವೆ. ನಿನ್ನ ಮೊಮ್ಮಗಳು ಮುಂದಿನ ಹಲ್ಲು ಉದುರಿಸಿಕೊಂಡು ಬೊಚ್ಚುಬಾಯಲ್ಲೇ ಮನೆ ಆಳುತ್ತಿದ್ದಾಳೆ. ನೀನು ಹೊಲಿದುಕೊಟ್ಟ ಕೆಂಪು ಕೋಟನ್ನು ಮಲಗುವಾಗಲೂ ಬಿಚ್ಚುವುದಿಲ್ಲ. ತೋಳು ಗಿಡ್ಡವಾಗಿದೆ. ಬೆಳೆಯುವ ಮಗು ಎಂದು ನೀನು ತೋಳಿನ ಒಳಗೆ ಒಂದಿಷ್ಟು ಬಟ್ಟೆ ಮಡಿಸಿಟ್ಟಿದ್ದೆಯಲ್ಲ, ಈ ಪತ್ರ ಮುಗಿಸಿ ಆ ಮಡಿಕೆ ಬಿಡಿಸಲು ಕೂರುತ್ತೇನೆ.

ಇನ್ನು ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ, ಹೊಲಿಗೆ ಮಷಿನ್ ನಿನಗೇ ಕಳಿಸುತ್ತೇನೆ ಎಂದು ಬರೆಸಿದ್ದೀಯ. ನಾನು ಬಟ್ಟೆ ಕಂಪನಿಯಲ್ಲಿ ಹೊಲಿಯುತ್ತೇನೆ ಎಂದು ಅಲ್ಲಿನ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದೀಯಂತೆ. ಇಲ್ಲಮ್ಮಾ. ಅಲ್ಲಿ ನನ್ನ ಕೆಲಸ ಕತ್ತರಿಸುವುದು. ಜನ ಕೊಂಡು, ಒಮ್ಮೆ ಹಾಕಿ ನೋಡಿ, ಬೇಡವೆಂದು ವಾಪಸ್ ಕಳಿಸಿದ್ದು, ಅಂಗಡಿಯಲ್ಲಿ ಬಿಕರಿಯಾಗದೆ ಉಳಿದದ್ದು, ಎಲ್ಲ ನಮ್ಮ ಶೆಡ್ಡಿಗೆ ಬಂದು ಬೀಳುತ್ತದೆ. ಮತ್ತೆ ಮಡಿಸಿ ಮಾರುವುದಕ್ಕಿಂತ ಹೊಸದು ಹೊಲಿಸುವುದೇ ಅಗ್ಗವಂತೆ. ಹಾಗೇ ಎಸೆದರೆ ಯಾರಾದರೂ ಹೆಕ್ಕಿ ಹಾಕಿಕೊಂಡಾರು; ಪುಕ್ಕಟೆ ಸಿಕ್ಕರೆ ಕೊಳ್ಳುವವರು ಯಾರು? ಅದಕ್ಕೇ ಒಂದೊಂದನ್ನೂ ಕತ್ತರಿಸಿ ಹಾಳು ಮಾಡಿಯೇ ಎಸೆಯಬೇಕು. ಬೆಲೆಚೀಟಿ ಕೂಡ ಕೀಳದ ಕೋಟುಗಳು, ಅಮ್ಮಾ, ಮಕ್ಕಳ ಅಳತೆಯವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದೆಯಲ್ಲ, ಇಲ್ಲಿ ಬೇಸರ ಬಂದಾಗಲೆಲ್ಲ ಹಾಸಿಗೆಯನ್ನೇ ಬದಲಾಯಿಸುತ್ತಾರೆ.

ಮೊದಮೊದಲು ನನ್ನ ಕೈ ಒಂದು ಎಡವಟ್ಟು ಮಾಡಿತು. ಬಟ್ಟೆಯ ನಡುವೆ ಕತ್ತರಿ ಇಡಲು ಅದಕ್ಕೆ ಬರಲೇ ಇಲ್ಲ. ನೀನು ಕಲಿಸಿದ ಕೈ, ತಾನಾಗಿ ಹೊಲಿಗೆ ಹುಡುಕಿಕೊಂಡು ಹೋಗಿ ಹೊಲಿಗೆಯ ಮೇಲೇ ನಡೆಯುತ್ತಿತ್ತು. ತೋಳು ತೋಳಾಗಿಯೇ, ಬೆನ್ನು ಬೆನ್ನಾಗಿಯೇ ಕಳಚಿ ಬೀಳುತ್ತಿತ್ತು. ಹೊಲಿಗೆ ಬಲ್ಲವರು ಒಂದು ಮಧ್ಯಾಹ್ನ ಕೂತರೆ ಮತ್ತೆ ಕೋಟಾಗುತ್ತಿತ್ತು. ಅದು ಗೊತ್ತಾದ ಮೇಲೂ ಹಾಗೇ ಮಾಡಿದೆ, ಯಾವುದೋ ಮಗುವಿನ ಮೈ ಬೆಚ್ಚಗಾಗಲಿ ಎಂದು ಒಳಗೊಳಗೇ ಹಿಗ್ಗಿದೆ. ನಮ್ಮ ಸೂಪರ್‌ವೈಸರ್ ಕಡ್ಡಿಯಂಥ ಮೈ, ದಪ್ಪ ತಲೆಯವನು. ನಾವು ಹೆಂಗಸರು ಅವನಿಗೆ ಗುಂಡುಸೂಜಿ ಎಂದು ಹೆಸರಿಟ್ಟಿದ್ದೇವೆ. ಒಂದು ದಿನ ಅವನು ನನ್ನ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದ. ಇಡೀ ಕೋಟು ಎದ್ದು ಬಂತು. "ನಿಮಗೆ ಸಂಬಳ ಕೊಡೋದು ಬಿಚ್ಚೋಕಲ್ಲಮ್ಮಾ, ಹಾಳು ಮಾಡೋಕೆ. ಎದೆ ಮೇಲೆ ಅಡ್ಡ ಕತ್ತರಿ ಹಾಕಿ" ಎಂದ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಸಾರ್ ಎಂದೆ. ನಕ್ಕ. ಆಮೇಲೆ ಪಕ್ಕದಲ್ಲೇ ನಿಂತು ಸಂಜೆಯವರೆಗೂ ಅಡ್ಡಡ್ಡ ಹಾಕಿಸಿದ. ಕೆಟ್ಟವನಲ್ಲ, ಅವನ ತಲೆಯ ಮೇಲೂ ಒಬ್ಬ ಕೂತಿದ್ದಾನೆ. ಅಂದಿನಿಂದ ದಿನವೂ ಅದೇ ಕೆಲಸ.

ಆವತ್ತು ಮನೆಗೆ ಬರುವಾಗ ಶೆಡ್ಡಿನ ಹಿಂದಿನ ಕಸದ ಗುಡ್ಡೆಗೆ ಹೋದೆ. ನಾನು ಹೊಲಿಗೆಗುಂಟ ಬಿಚ್ಚಿದ್ದ ತುಂಡುಗಳೆಲ್ಲ ಬಿದ್ದಲ್ಲೇ ಬಿದ್ದಿದ್ದವು. ಒಂದನ್ನೂ ಯಾರೂ ಒಯ್ದಿರಲಿಲ್ಲ. ಬಾಟಲಿ ಆಯುತ್ತಿದ್ದ ಒಬ್ಬ ಹೆಂಗಸಿಗೆ ತೋಳು, ಬೆನ್ನು ಎತ್ತಿ ತೋರಿಸಿ, ಹೊಸ ಬಟ್ಟೆ, ಕೂಡಿಸಿದರೆ ಸಾಕು ಎಂದೆ. "ಯಾರಮ್ಮಾ ಕೂತ್ಕೊಂಡು ಹೊಲೀತಾರೆ? ರಸ್ತೇಲಿ ಹೊಸದೇ ಅಗ್ಗಕ್ಕೆ ಸಿಗುತ್ತೆ" ಎಂದಳು. ಅವಳ ಮನೆಯಲ್ಲಿ ಸೂಜಿಯೇ ಇಲ್ಲವಂತೆ. ಅಲ್ಲೇ ಕೂತು ಅಳಬೇಕೆನಿಸಿತು. ಹೊಲಿದು ಹಾಕಿಕೊಳ್ಳುವವರಿಗೆ ಹೆದರಿ ಕಂಪನಿ ಇಷ್ಟೆಲ್ಲ ಮಾಡಿಸುತ್ತದೆ, ಆದರೆ ಹೊಲಿಯುವವರೇ ಉಳಿದಿಲ್ಲ.

ಕೆಲಸ ಬಿಡು ಎನ್ನಬೇಡ. ನಿನ್ನ ಅಳಿಯನ ರಿಪೇರಿ ಅಂಗಡಿಗೆ ಈಗ ಯಾರೂ ಬರುವುದಿಲ್ಲ. ಫ್ಯಾನು ಕೆಟ್ಟರೆ ಬೀದಿಗಿಡುತ್ತಾರೆ, ಹೊಸದು ತರುತ್ತಾರೆ. ಇವರು ಸುಮ್ಮನೆ ಬಾಗಿಲು ತೆರೆದು ಕೂತಿರುತ್ತಾರೆ. ಮಷಿನ್ ಬರಲಿ, ಕಿಟಕಿಯ ಪಕ್ಕ ಜಾಗ ಮಾಡಿದ್ದೇನೆ. ವಾರವೆಲ್ಲ ಬಟ್ಟೆ ಕತ್ತರಿಸಿದ ಕೈ ಭಾನುವಾರವಾದರೂ ಹೊಲಿಯಲಿ. ಮಗಳಿಗೂ ಕಲಿಸುತ್ತೇನೆ.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಬಿಸಿಲಿಗೆ ಕನ್ನಡಕವಿಲ್ಲದೆ ಹೊರಡಬೇಡ. ಕೆಳಗಿನ ಮೂಲೆಯ ಶಾಯಿ ಕಲೆ ಮೊಮ್ಮಗಳ ಮುತ್ತು, ಕೊಳೆ ಎಂದುಕೊಳ್ಳಬೇಡ.

ನಿನ್ನ ಕೈಕೆಳಗೆ ಕಲಿತ
ಕಿರಿಮಗಳು

ಲಕೋಟೆ ಅಂಟಿಸುವ ಮೊದಲು: ಅತ್ತಿಗೆ, ಇದನ್ನೂ ಅಮ್ಮನಿಗೆ ಓದಿ ಹೇಳಿ, ಬಿಟ್ಟುಬಿಡಬೇಡಿ. ಅಮ್ಮಾ, ಮಷಿನ್ ಕಳಿಸಬೇಡ. ಅಲ್ಲೇ ಹೊಲಿಯುವವರು ಯಾರಾದರೂ ಇದ್ದರೆ ಕೊಟ್ಟುಬಿಡು. ಈಗ ತೋಳಿನ ಮಡಿಕೆ ಬಿಡಿಸಲು ಕೂತಿದ್ದೆ. ಕೋಟು ತೊಡೆಯ ಮೇಲಿತ್ತು, ಕೈಯಲ್ಲಿ ಕತ್ತರಿ, ಮಗಳ ಜೊತೆ ಏನೋ ಮಾತು. ತಿರುಗಿ ನೋಡುವಷ್ಟರಲ್ಲಿ ಕತ್ತರಿ ಕೋಟಿನ ಎದೆಯ ಮೇಲೆ ಅಡ್ಡ ಹೋಗಿಬಿಟ್ಟಿತ್ತು. ಹುಟ್ಟುಗುಣ ಹೋಗಲ್ಲ ಎಂದಿದ್ದೆನಲ್ಲ, ಹೋಗಿದೆ. ಮಗಳು ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. "ಬಿಡಮ್ಮಾ, ಹೊಸದು ತಗೊಳ್ಳೋಣ" ಎಂದಳು.