ಹೋಗುವಾಗ ಕುದುರೆ, ಬರುವಾಗ ಕೋಣ

ಗಲಗಲಿ, ತಾ. ಬೀಳಗಿ
೧೮ ನವೆಂಬರ್ ೨೦೦೭, ರವಿವಾರ

ಪ್ರೀತಿಯ ಆಯಿ,

ನಿನ್ನ ಮೊಮ್ಮಗನೂ ಈ ಹೊಳೆದಂಡೆಯ ಸ್ವಯಂಘೋಷಿತ ಯಂತ್ರವೈದ್ಯನೂ ಆದ ಮಾಳುವಿನ ಸಾಷ್ಟಾಂಗ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ರೇಷ್ಮಾಕ್ಕನ ಗಂಡನೂರು ಸಾವಳಗಿಯ ನೀರು ಒಗ್ಗಿತೇ? ರೇಷ್ಮಾಕ್ಕ, ಇದನ್ನು ಆಯಿಗೆ ಓದಿ ಹೇಳುವಾಗ ನಗಕೂಡದು, ಇದು ಗಂಭೀರ ಪತ್ರ. ನಿನ್ನ ಕೂಸಿಗೆ ಬಂದಿರುವುದು ನಮ್ಮ ಮನೆತನದ ಮೂಗೋ, ನಿನ್ನ ಗಂಡ ಮಾಮಾನ ಮೂಗೋ ತಿಳಿಸಬೇಕು. ಮಾಮಾನದಾದರೆ ಎಲ್ಲರೂ ಧೈರ್ಯ ತಂದುಕೊಳ್ಳಬೇಕು.

ಈಗ ಸುದ್ದಿ. ಧರೆಪ್ಪ ಕಾಕಾ ಗೋವಾದಿಂದ ಟೆಂಪೋದಲ್ಲಿ ಹೇರಿಕೊಂಡು ತಂದ ಹಳೆಯ ನೀರಿನ ಸ್ಕೂಟರಿಗೆ ನೀನು ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ ಹೋದೆಯಲ್ಲ, ಆಮೇಲೆ ಅದು ನಮ್ಮ ಮಾನವನ್ನು ಹರಾಜಿಗಿಟ್ಟಿತು. ಬೆಳಿಗ್ಗೆ ಪೆಟ್ರೋಲ್ ಹಾಕಿ ಗುಂಡಿ ಒತ್ತಿದರೆ ಒಂದೇ ಏಟಿಗೆ ಚಾಲೂ. ಹೊಳೆ ಸೀಳಿಕೊಂಡು ಆಚೆ ದಂಡೆ ಮುಟ್ಟುತ್ತಿತ್ತು. ಅಲ್ಲಿ ಇಂಜಿನ್ ಆರಿಸಿದೆವೋ, ಕಥೆ ಮುಗಿಯಿತು. ಮತ್ತೆ ಒತ್ತಿದರೆ ಕೊರಕೊರ ಕೆಮ್ಮುವುದೇ ಹೊರತು ಹೊತ್ತಿಕೊಳ್ಳುವುದಿಲ್ಲ. ತಾಸುಗಟ್ಟಲೆ ಬಿಟ್ಟರೆ ತಾನಾಗಿ ಏಳುತ್ತಿತ್ತು. "ಬಿಸಿ ಆಗೇತಿ, ಆರ್ಲಿ ತಡಿ" ಎಂಬುದು ಕಾಕಾನ ತೀರ್ಪು. ಪ್ಲಗ್ ಬದಲಿಸಿದ, ಬ್ಯಾಟರಿ ಬದಲಿಸಿದ, ಇಂಜಿನ್ನಿಗೆ ಹಸಿ ಗೋಣಿಚೀಲ ಹೊದಿಸಿದ. ಕೊನೆಗೆ ಅದಕ್ಕೆ ಛತ್ರಿ ಹಿಡಿದು ನಿಂತ. ನನ್ನ ಮದುವೆಯಲ್ಲೂ ಆತ ಅಷ್ಟು ಭಕ್ತಿಯಿಂದ ನಿಲ್ಲಲಾರ. ಪ್ರತಿ ಸಲವೂ ಬಾಳಾಸಾಹೇಬ ತನ್ನ ಕಟ್ಟಿಗೆಯ ನಾವೆಗೆ ಹಗ್ಗ ಕಟ್ಟಿ ಅದನ್ನು ಎಳೆದು ತರುವುದು, ದಂಡೆಯವರಿಗೆಲ್ಲ ಕೇಳುವಂತೆ "ಧರೆಪ್ಪಾ, ಹೋಗೂಮುಂದ ಕುದುರಿ, ಬರೂಮುಂದ ಕ್ವಾಣ ಆತಲ್ಲೋ!" ಎನ್ನುವುದು.

ಮೊನ್ನೆ ಶುಕ್ರವಾರ ಬೀಳಗಿಯಿಂದ ತಾಲೂಕು ಕಚೇರಿಯ ಸಾಹೇಬರು ಬಂದರು. ಹೊಳೆ ಏರಿದಾಗ ಜನರನ್ನು ದಾಟಿಸುವ ಕೆಲಸ ಕಾಕಾನಿಗೋ, ಬಾಳಾಸಾಹೇಬನಿಗೋ ಎಂದು ತೀರ್ಮಾನಿಸುವುದಿತ್ತು. ಷರತ್ತು ಒಂದೇ: ಆಚೆ ಹೋಗಿ ಇಂಜಿನ್ ಆರಿಸಿ, ಒಬ್ಬರನ್ನು ಹತ್ತಿಸಿಕೊಂಡು, ಯಾರ ಹಗ್ಗವೂ ಇಲ್ಲದೆ ತಿರುಗಿ ಬರಬೇಕು. "ಇವತ್ತೂ ಕೈ ಕೊಡ್ತಂದ್ರ ಇದನ್ನ ಕೊರದು ಬಾನಿ ಮಾಡಿ ಕುರಿಗೆ ನೀರು ಕುಡಸ್ತೀನಿ. ಹೊಳಿ ಕಡೆ ಮತ್ತ ಹಾಯಂಗಿಲ್ಲ" ಅಂದ ಕಾಕಾ. ತಮಾಷೆಗೆ ಅಂದದ್ದಲ್ಲ. ಮುಂಜಾನೆಯಿಂದ ಏನೂ ಉಂಡಿರಲಿಲ್ಲ. ರೊಟ್ಟಿಗೆ ಬೆನ್ನು ತಿರುಗಿಸಿದ ಧರೆಪ್ಪನನ್ನು ನೀನು ಹೆತ್ತ ತಾಯಿಯಾಗಿಯೂ ಕಂಡಿರಲಿಕ್ಕಿಲ್ಲ. ಹ್ಯಾಂಡಲ್ ನನಗೆ ಕೊಟ್ಟು ಆತ ಸಾಹೇಬರ ಪಕ್ಕದಲ್ಲೇ ಉಳಿದ.

ಆಚೆ ದಂಡೆಯಲ್ಲಿ ಹತ್ತಬೇಕಾದವಳು ನಿನ್ನ ಗೆಳತಿ ಅನಸವ್ವ. ಉಡಿಯಲ್ಲಿ ಬದನೆಕಾಯಿ ಕಟ್ಟಿಕೊಂಡು ಸಿದ್ಧಳಾಗಿದ್ದಳು. ಆರಿಸಿದೆ. ಒತ್ತಿದೆ. ಕೊರಕೊರ. ಮತ್ತೆ ಒತ್ತಿದೆ. ಕೊರಕೊರ. ಸುತ್ತಲಿನವರು ನಗತೊಡಗಿದರು. ಈಚೆ ದಂಡೆಯಿಂದ ಬಾಳಾಸಾಹೇಬನ ನಾವೆ ಹೊರಟದ್ದೂ ಕಾಣಿಸಿತು. ಮಾನ ಹೋಗುವುದೇ ಖರೆಯಾದರೆ ಮೆರವಣಿಗೆಯಲ್ಲಿ ಹೋಗಲಿ ಎಂದುಕೊಂಡು, ತಲೆಗೆ ಟವೆಲ್ ಸುತ್ತಿ, ಹೊಟ್ಟೆ ಉಬ್ಬಿದ ಕುರಿಯನ್ನು ಅಜ್ಜ ಪರೀಕ್ಷಿಸುತ್ತಿದ್ದ ಠೀವಿಯಲ್ಲಿ ಯಂತ್ರಕ್ಕೊಂದು ಸುತ್ತು ಬಂದೆ. ಪಕ್ಕೆ ತಟ್ಟಿದೆ. ಕಿವಿಯಿಟ್ಟು ಆಲಿಸಿದೆ. "ಮೇವು ಕರಗಿಲ್ಲ" ಎಂದು ಘೋಷಿಸಿದೆ. "ಲೇ ಮಾಳ್ಯಾ, ಬಾಯಿ ತಗಸಿ ನಾಲಿಗಿ ನೋಡಲೇ, ದೊಡ್ಡ ಡಾಕ್ಟರ!" ಎಂದು ಅನಸವ್ವ ಕೂಗಿದಳು. ಅಪ್ಪಣೆ ಎಂದು ಪೆಟ್ರೋಲ್ ಟಾಕಿಯ ಮುಚ್ಚಳ ತಿರುವಿದೆ. ಸುಸ್ಸ್ ಎಂದು ಅದು ಉಸಿರನ್ನು ಒಳಗೆಳೆದುಕೊಂಡಿತು! ನನ್ನ ನಾಟಕ ಅಲ್ಲಿಗೇ ನಿಂತಿತು. ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಕೆಮ್ಮಿತು, ಕೆಮ್ಮಿತು, ಗರ್ಜಿಸಿತು. ಬಿಸಿಬಿಸಿಯಾಗಿಯೇ!

ಅನಸವ್ವ ಒಂದು ಕೈಯಲ್ಲಿ ನನ್ನ ಅಂಗಿ ಹಿಡಿದು, ಬೀರಪ್ಪನನ್ನು ಕೂಗುತ್ತ, ಬದನೆಕಾಯಿಗಳನ್ನು ಒಂದೊಂದಾಗಿ ಹೊಳೆಗೆ ಅರ್ಪಿಸುತ್ತ ಬಂದಳು. ನಡುಹೊಳೆಯಲ್ಲಿ ಬಾಳಾಸಾಹೇಬನ ನಾವೆಗೆ ದೂರದಿಂದಲೇ ಒಂದು ಪ್ರದಕ್ಷಿಣೆ ಹಾಕಿ, "ಬಾಳಾಸಾಹೇಬ್ರ, ಹಗ್ಗ ಬೇಕೇನ್ರೀ?" ಎಂದು ಅತ್ಯಂತ ವಿನಯದಿಂದ ವಿಚಾರಿಸಿದೆ. ಸಾಹೇಬರು ಕಾಕಾನ ಕೈಕುಲುಕಿದರು. ಕೆಲಸ ನಮ್ಮದಾಯಿತು. ಆ ಮಧ್ಯಾಹ್ನ ಕಾಕಾ ರೊಟ್ಟಿಬುಟ್ಟಿಯ ತಳ ಕಾಣಿಸಿದ.

ಆಮೇಲೆ ಒಬ್ಬನೇ ಕುಳಿತು ಹುಡುಕಿದೆ. ಇಂಜಿನ್ ಪೆಟ್ರೋಲ್ ಎಳೆದುಕೊಂಡಷ್ಟೂ ಟಾಕಿಯೊಳಗೆ ಗಾಳಿ ಹೋಗಬೇಕು. ಅದಕ್ಕೊಂದು ಸಣ್ಣ ಪೈಪ್ ಇದೆ. ಅದರ ಬಾಯಿ ಮುಚ್ಚಿತ್ತು. ಗಾಳಿಯಿಲ್ಲದೆ ಪೆಟ್ರೋಲ್ ಕದಲುತ್ತಿರಲಿಲ್ಲ. ತಾಸು ಬಿಟ್ಟರೆ ಎಲ್ಲಿಂದಲೋ ಗಾಳಿ ನುಸುಳಿ ಜೀವ ಬರುತ್ತಿತ್ತು. ಬೆಳಿಗ್ಗೆಯಂತೂ ಪೆಟ್ರೋಲ್ ಹಾಕಲು ಮುಚ್ಚಳ ತೆಗೆಯುತ್ತಿದ್ದೆವು, ಅದಕ್ಕೇ ಕುದುರೆ. ಬಿಸಿ ಪಾಪ ನಿರಪರಾಧಿ. ಛತ್ರಿಯ ಸೇವೆ ದಂಡವಾಯಿತು.

ಕೂಸಿಗೆ ಮುತ್ತು, ಅಕ್ಕನಿಗೆ ನಮಸ್ಕಾರ, ಮಾಮಾನ ಮೂಗಿಗೆ ವಿಶೇಷ ಗೌರವ. ಬೀರಪ್ಪ ನಿನ್ನ ಮೊಣಕಾಲನ್ನು ಕಾಯಲಿ. ನೀನಿಲ್ಲದೆ ನನ್ನನ್ನು ಬೈಯುವವರೇ ಇಲ್ಲದೆ ಮನೆ ಭಣಭಣ ಎನ್ನುತ್ತಿದೆ.

ವಿಧೇಯನೆಂದು ತಾನೇ ಹೇಳಿಕೊಳ್ಳುವ ನಿನ್ನ
ಮಾಳು

ತಾ.ಕ.: ಫೋನ್ ಕಾಕಾನ ಕಿಸೆಯಲ್ಲಿರುತ್ತದೆ, ಅದಕ್ಕೇ ಪತ್ರ. ಆ ಪೈಪಿನ ಬಾಯಿಗೆ ತುರುಕಿದ್ದು, ದೃಷ್ಟಿ ತಾಗದಿರಲೆಂದು ನೀನು ಎಲ್ಲದಕ್ಕೂ ಕಟ್ಟುವ ಕರಿ ಕುರಿಯ ಉಣ್ಣೆ. ಭಂಡಾರ ಮೆತ್ತಿತ್ತು, ಗಂಟು ನಿನ್ನ ಕೈಯದು. "ತೂತು ಇದ್ದಲ್ಲಿ ಹೊಳಿ ಹೊಕ್ಕೋತೈತಿ" ಎಂದು ನೀನು ಹೊರಡುವ ದಿನ ಗೊಣಗಿದ್ದು ಆಗ ನೆನಪಾಯಿತು. ಯಾರಿಗೂ ಹೇಳಿಲ್ಲ. ತೆಗೆದು ಹ್ಯಾಂಡಲ್ಲಿಗೆ ಕಟ್ಟಿಬಿಟ್ಟೆ. ಅದು ಮೊದಲಿನಿಂದಲೂ ಅಲ್ಲೇ ಇತ್ತೆಂದು ತಿಳಿದ ಕಾಕಾ ಕೈಮುಗಿದು, "ನೋಡಲೇ, ಅವ್ವ ಇಲ್ಲದಿದ್ರೂ ಅಕಿ ಉಣ್ಣಿ ನಮ್ಮ ಮಾನಾ ಉಳಿಸೇತಿ" ಎಂದು ಕಣ್ಣೊರೆಸಿಕೊಂಡ. ಈಗ ಬಾಳಾಸಾಹೇಬನೂ ತನ್ನ ನಾವೆಗೊಂದು ಬೇಕೆನ್ನುತ್ತಿದ್ದಾನೆ. ಬರುವಾಗ ಉಣ್ಣೆ ತಾ. ಕಟ್ಟುವ ಜಾಗ ಮಾತ್ರ ನಾನು ತೋರಿಸುತ್ತೇನೆ.